ಎದುರು ಮನೆಯಾಕೆಗೆ ಕಾಸಿದ ಎಣ್ಣೆ

ಹೋದ ಸಂಕಷ್ಟಿಗೆ ಮುಂಬಯಿ ಹತ್ತಿರದ ಟಿಟ್ವಾಳಾ ಗಣಪತಿಯ ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದ ಹೆಂಗಸಿನ ಕೈಯ ಗರಿಕೆಯ ಕಟ್ಟು ನೂಕುನುಗ್ಗಲಿಗೆ ಸಿಕ್ಕಿ ಜಜ್ಜಿಹೋಯಿತು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ದೇವರ ಮುಂದೆ ಹೋಗಿ ನಿಂತರೂ ಕೈಮುಗಿಯುವುದು ಮರೆತೆ. ಡೊಂಬಿವಲಿಯ ಎದುರು ಮನೆಯಾಕೆಯೇ ಕಣ್ಣ ಮುಂದೆ ಇದ್ದಳು...

ಒಂದೇ ಮಹಡಿ, ಎದುರುಬದುರು ಬಾಗಿಲು. ಇಬ್ಬರೂ ಉಡುಪಿ ಕಡೆಯವರು. ಅವಳಿಗೆ ಥಾಣೆಯ ಒಂದು ಆಫೀಸಿನಲ್ಲಿ ಕೆಲಸ, ದಿನಾ ಲೋಕಲ್ ಟ್ರೇನಿನ ಓಡಾಟ. ನಲವತ್ತೆರಡಕ್ಕೇ ಎದೆಯ ಕ್ಯಾನ್ಸರ್ ಬಂತು. ಆಪರೇಷನ್, ಕೀಮೋ ಮುಗಿಯುವಷ್ಟರಲ್ಲಿ ಮುಟ್ಟು ನಿಂತುಹೋಗಿತ್ತು. ಆಮೇಲೆ ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಐದು ವರ್ಷ, ಒಂದು ದಿನವೂ ತಪ್ಪಿಸಬೇಡಿ, ಕಾಯಿಲೆ ಮರಳಿ ಬಾರದಂತೆ ತಡೆಯುವುದು ಇದೇ ಎಂದಿದ್ದರಂತೆ.

ಶುರುವಾಯಿತು ನೋಡಿ ಮೈಯುರಿ. ಹೊತ್ತಿಲ್ಲ ಗೊತ್ತಿಲ್ಲ, ಎದೆಯಿಂದ ಕತ್ತಿಗೆ, ಕತ್ತಿನಿಂದ ಮುಖಕ್ಕೆ ಸೆಕೆ ಏರುತ್ತಿತ್ತು. ಬೆವರು ಆರಿದೊಡನೆ ಚರ್ಮ ಒಣಗಿ ಬಿರಿಯುತ್ತಿತ್ತು. ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಯಾರದೋ ಬ್ಯಾಗು ತಾಗಿದರೂ ಉರಿ. ಒಂದು ಸಂಜೆ ನನ್ನ ಅಡುಗೆಮನೆಗೆ ಬಂದು ತೋಳು ತೋರಿಸಿದಳು. ಕೆರೆದು ಕೆರೆದು ರಕ್ತ ಬಂದಿತ್ತು.

“ಕ್ಯಾನ್ಸರ್ ತಡ್ಕೊಂಡೆ ಮಾರಾಯ್ತಿ, ಇದನ್ನು ತಡ್ಕೊಳ್ಲಿಕ್ಕೆ ಆಗುದಿಲ್ಲ.”

ನಮ್ಮ ಕಡೆಯ ಹೆಂಗಸರಿಗೆ ಜಗತ್ತಿನಲ್ಲಿ ಇರುವುದೇ ಎರಡು. ಒಂದು ಉಷ್ಣ, ಇನ್ನೊಂದು ತಂಪು. ಪಪ್ಪಾಯಿ ಉಷ್ಣ, ಎಳನೀರು ತಂಪು. ಹತ್ತಾರು ಬಾಣಂತನ ಮಾಡಿದ ನಾನಂತೂ ಅದರಲ್ಲಿ ದೊಡ್ಡ ಪಂಡಿತೆ ಎಂದೇ ತಿಳಿದಿದ್ದೆ. “ನಿಂಗೆ ಉಷ್ಣ ಆಗಿದೆ. ಆ ಮಾತ್ರೆ ಉಂಟಲ್ಲ, ಅದೇ ಭಾರೀ ಉಷ್ಣ” ಎಂದುಬಿಟ್ಟೆ. ನನ್ನ ಬಾಯಿಗಿಷ್ಟು!

ಸ್ಟೇಷನ್ ಹೊರಗಿನ ಹೂವಿನವಳಿಂದ ಗರಿಕೆ ತಂದು, ರುಬ್ಬಿ ರಸ ಹಿಂಡಿ, ತೆಂಗಿನೆಣ್ಣೆಗೆ ಹಾಕಿ ನೀರಿನಂಶ ಆರುವವರೆಗೆ ಸಣ್ಣ ಉರಿಯಲ್ಲಿ ಕಾಸಿದೆ. ಸೋಪು ಬಿಡಿಸಿ ಹೆಸರುಹಿಟ್ಟು ಕೊಟ್ಟೆ. ಸ್ನಾನವಾಗಿ ಮೈ ಒದ್ದೆಯಿರುವಾಗಲೇ ಎಣ್ಣೆ ಸವರಬೇಕು ಎಂದು ತಾಕೀತು ಮಾಡಿದೆ. ಭಾನುವಾರ ನಾನೇ ಹೋಗಿ ಹಚ್ಚುತ್ತಿದ್ದೆ. ಹೊಲಿಗೆಯ ಗುರುತಿನ ಹತ್ತಿರ ನನ್ನ ಕೈ ತಡವರಿಸಿದರೆ “ಹೆದರಬೇಡ, ಅಲ್ಲಿ ಈಗ ಎಂಥದೂ ಇಲ್ಲ” ಎಂದು ಅವಳೇ ನಗುತ್ತಿದ್ದಳು. ತುರಿಕೆ ಸ್ವಲ್ಪ ಇಳಿಯಿತು. ಸೆಕೆ ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ಅದೂ ಬಿಟ್ಟಿತು. ನಿದ್ದೆ ಬಂತು, ಚರ್ಮ ಮೆದುವಾಯಿತು, ಮುಖಕ್ಕೆ ಕಳೆ ಬಂತು. ಅಬ್ಬಾ, ಏನು ಜಂಬ ನನಗೆ! ಸಂಕ್ರಾಂತಿಯ ಅರಸಿನ ಕುಂಕುಮಕ್ಕೆ ಬಂದ ಬಿಲ್ಡಿಂಗಿನ ಹೆಂಗಸರ ಮುಂದೆ ಅವಳ ತೋಳು ಹಿಡಿದೆತ್ತಿ ತೋರಿಸಿದೆ. “ಡಾಕ್ಟರರಿಂದ ಆಗದ್ದು ನನ್ನ ಎಣ್ಣೆಯಿಂದ ಆಯ್ತು, ನೋಡಿ!” ಅವಳು ತಲೆ ತಗ್ಗಿಸಿದಳು. ನಾಚಿಕೆ ಎಂದುಕೊಂಡೆ...

ಮರುವರ್ಷ ಬೆನ್ನುನೋವೆಂದು ತೋರಿಸಲು ಹೋದಳು. ಕಾಯಿಲೆ ಮೂಳೆಗೆ ಇಳಿದಿತ್ತು. ಆಸ್ಪತ್ರೆಯಲ್ಲಿ ಅವಳ ಮಗಳು ಔಷಧಿ ತರಲು ಕೆಳಗೆ ಹೋದಾಗ, ನನ್ನೊಬ್ಬಳಿಗೇ ಹೇಳಿದಳು. ಮಾತ್ರೆಯನ್ನು ಆ ಮಳೆಗಾಲದಲ್ಲೇ ನಿಲ್ಲಿಸಿದ್ದಳಂತೆ. ಉಷ್ಣ ಇಳಿಯಲಿ, ಎರಡು ತಿಂಗಳು ಬಿಟ್ಟು ಮತ್ತೆ ತಗೊಳ್ಳುವ ಎಂದು. ಸೆಕೆ ನಿಂತು ಮೈ ಹಗುರವಾದ ಮೇಲೆ ಮತ್ತೆ ಆ ಡಬ್ಬಿ ಬಿಚ್ಚುವ ಧೈರ್ಯವೇ ಬರಲಿಲ್ಲವಂತೆ.

“ನಂಗಾದ್ರೂ ಹೇಳಬಾರ್ದಿತ್ತಾ?” ಎಂದೆ.

“ಹೇಗೆ ಹೇಳುದು? ಎಣ್ಣೆ ಕೆಲ್ಸ ಮಾಡಿತು ಅಂತ ನೀನು ಅಷ್ಟು ಖುಷಿಯಲ್ಲಿದ್ದೆ.”

ದೀಪಾವಳಿಗೆ ಮೊದಲೇ ಹೋಗಿಬಿಟ್ಟಳು. ಮಾತ್ರೆ ಬಿಟ್ಟದ್ದರಿಂದಲೇ ಬಂತೋ, ಬಿಡದಿದ್ದರೂ ಬರುತ್ತಿತ್ತೋ, ಯಾರನ್ನು ಕೇಳಲಿ? ಬರುತ್ತಿತ್ತು, ಬಂದೇ ಬರುತ್ತಿತ್ತು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ನಂಬಲು ಆಗುವುದಿಲ್ಲ.

ಅವಳ ಮಗಳು ಈಗ ಮದುವೆಯಾಗಿ ಖಾರಘರದಲ್ಲಿದ್ದಾಳೆ. ಕನ್ನಡ ಅರ್ಥವಾಗುತ್ತದೆ, ಉತ್ತರವೆಲ್ಲ ಹಿಂದಿಯಲ್ಲಿ. ಟಿಟ್ವಾಳಾದಿಂದ ಬಂದ ಸಂಜೆಯೇ ಫೋನ್ ಮಾಡಿದೆ, ಈ ಸಲವಾದರೂ ಹೇಳಿಬಿಡಬೇಕೆಂದು. “ನಿನ್ನ ಅಮ್ಮನ ವಿಷಯ ಒಂದು ಹೇಳ್ಲಿಕ್ಕಿತ್ತು ಮಗಾ” ಎನ್ನುವಷ್ಟರಲ್ಲಿ ಅವಳೇ ಮಾತು ತೆಗೆದಳು. “ಮಾವ್ಶಿ, ಮಮ್ಮಿ ಆಪ್ ಕೋ ಬಹುತ್ ಯಾದ್ ಕರ್ತೀ ಥೀ...” ಅಮ್ಮ ನಿಮ್ಮನ್ನು ತುಂಬ ನೆನೆಯುತ್ತಿದ್ದಳು ಎಂದಳು. ಕಾಯಿಲೆ ಮರಳುವ ಮೊದಲಿನ ಆ ಒಂದು ವರ್ಷ ಅಮ್ಮ ನೆಮ್ಮದಿಯಾಗಿ ಮಲಗಿದ್ದು ನಿಮ್ಮ ಎಣ್ಣೆಯಿಂದಲೇ ಅಂತೆ. ಅಮ್ಮನೇ ಹಾಗೆ ಹೇಳಿಹೋಗಿದ್ದಾಳಂತೆ. ಹೇಳುತ್ತಾ ಹುಡುಗಿ ಅತ್ತುಬಿಟ್ಟಳು, ಅಳುತ್ತಲೇ ಥ್ಯಾಂಕ್ಯೂ ಎಂದಳು.

ನಾನು “ಇರ್ಲಿ ಮಗಾ, ಅಳಬೇಡ” ಎಂದೆ. ಅಷ್ಟೇ ಹೇಳಿ ಫೋನ್ ಇಟ್ಟೆ.