ರೊಟ್ಟಿ ತಟ್ಟುವ ಸದ್ದು ನಿಂತರೆ

ಕಾದಂಬರಿಕಾರ್ತಿ ಶಿಪ್ರಾ ಸಾಮಂತರ ಮನೆ ಎಲ್ಲಿ ಎಂದು ಆಕ್ಲೆಂಡಿನ ಮೌಂಟ್ ರಾಸ್ಕಿಲ್ ಬಡಾವಣೆಯ ಆ ಬೀದಿಯಲ್ಲಿ ಕೇಳಿದರೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಪ್ಯಾಂಟಿನ ಅಂಚು ಹೊಲಿಯುವ ಶಿಪ್ರಾ ಆಂಟಿ ಎಂದರೆ ಸಾಕು, ಮೂಲೆಯ ಡೈರಿ ಅಂಗಡಿಯವನೂ ಹೊರಗೆ ಬಂದು ಬೆರಳು ಮಾಡಿ ತೋರಿಸುತ್ತಾನೆ.

ಅರವತ್ತು ದಾಟಿದ ಈ ಬಂಗಾಳಿ ಹೆಂಗಸು ಹಗಲೆಲ್ಲ ಒಂದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕೂತು ಪರರ ಪ್ಯಾಂಟು ಗಿಡ್ಡ ಮಾಡುತ್ತಾರೆ. ಹೋಗುತ್ತ ಬರುತ್ತ ಬಸ್ಸಿನಲ್ಲಿ, ಫೋನಿನ ಮೇಲೆ ಒಂದೇ ಬೆರಳಿನಿಂದ, ತಮ್ಮ ಕಾದಂಬರಿ ಉದ್ದ ಮಾಡುತ್ತಾರೆ. ವರ್ಷಕ್ಕೊಂದು ಕಾದಂಬರಿ. ಕೊಲ್ಕತ್ತದ ಪುಟ್ಟ ಪತ್ರಿಕೆಯೊಂದು ದುರ್ಗಾಪೂಜೆಗೆ ತರುವ ವಿಶೇಷಾಂಕದಲ್ಲಿ ಅದು ಇಡಿಯಾಗಿ ಅಚ್ಚಾಗುತ್ತದೆ. ಅವರ ನಾಯಕಿಯರೆಲ್ಲ ಗಟ್ಟಿಗಿತ್ತಿಯರು: ಒಬ್ಬಳು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವಳು, ಇನ್ನೊಬ್ಬಳು ಮೊಮ್ಮಕ್ಕಳಾದ ಮೇಲೆ ಈಜು ಕಲಿತವಳು. ಯಾರೂ ವಿಷ ಕುಡಿಯುವುದಿಲ್ಲ, ಕೊನೆಯ ಪುಟದಲ್ಲಿ ಕೆಮ್ಮಿ ಕೆಮ್ಮಿ ಸಾಯುವುದಿಲ್ಲ.

“ಸಾಯೂದು ಭಾಳ ಸುಲಭ ಐತ್ರಿ. ಬದುಕಿ ಮಂದಿಗೆ ಉತ್ತರ ಕೊಡೂದೈತಲ್ಲ, ಅದು ಕಥಿ,” ಎನ್ನುತ್ತಾರೆ ಶಿಪ್ರಾ.

ಈ ಕನ್ನಡ ಅವರಿಗೆ ಬಂದದ್ದು ಹುಬ್ಬಳ್ಳಿಯಿಂದ. ಗಂಡ ರೈಲ್ವೆಯಲ್ಲಿದ್ದಾಗ ಅಲ್ಲಿ ಬಹಳ ವರ್ಷ ಸಂಸಾರ ಮಾಡಿದರು. ಗಂಡ ತೀರಿಕೊಂಡ ಮೇಲೆ ಮಗಳು ಸ್ಮೃತಿಯ ಬೆನ್ನು ಹತ್ತಿ ಆಕ್ಲೆಂಡಿಗೆ ಬಂದು ನೋಡುತ್ತಾರೆ, ಪಕ್ಕದ ಮನೆಯಲ್ಲಿ ಗದಗಿನ ಪದ್ಮಾವತಿ! ಶಿಪ್ರಾ ಬಾಯಲ್ಲಿ ಆ ಹೆಸರು ದುಂಡಗಾಗಿ ‘ಪೊದ್ದಾಬೊತಿ’ ಆಯಿತು. ಪದ್ಮಾವತಿ ಅದಕ್ಕೂ ಓಗೊಟ್ಟರು.

ಶನಿವಾರ ಬೆಳಿಗ್ಗೆ ಪದ್ಮಾವತಿ ವಾರಕ್ಕಾಗುವಷ್ಟು ಜೋಳದ ರೊಟ್ಟಿ ಬಡಿಯುವುದು ರೂಢಿ. ಆಗ ಶಿಪ್ರಾ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಆ ವಾರ ಬರೆದ ಅಧ್ಯಾಯವನ್ನು ಕನ್ನಡದಲ್ಲಿ ಹೇಳುತ್ತಾರೆ. ಪದ್ಮಾವತಿಗೆ ಬಂಗಾಳಿಯ ಒಂದಕ್ಷರವೂ ಬಾರದು. ಆದರೆ ಶಿಪ್ರಾ ಪಾಲಿಗೆ ಅವರಿಗಿಂತ ದೊಡ್ಡ ವಿಮರ್ಶಕರಿಲ್ಲ. ಅದು ಹೇಗೆಂಬ ಗುಟ್ಟನ್ನು ಶಿಪ್ರಾ ಯಾರಿಗೂ ಬಿಟ್ಟುಕೊಟ್ಟಿಲ್ಲ, ಪದ್ಮಾವತಿಗಂತೂ ಇಲ್ಲವೇ ಇಲ್ಲ. ಕಥೆ ನಡೆಯುತ್ತಿರುವಾಗ ರೊಟ್ಟಿ ತಟ್ಟುವ ಸದ್ದು ಒಂದೇ ಸಮ ಕೇಳುತ್ತಿದ್ದರೆ ಆ ಅಧ್ಯಾಯ ಸಪ್ಪೆ, ಮನೆಗೆ ಹೋಗಿ ತಿದ್ದಬೇಕು. ಸದ್ದು ನಿಂತು ಕೈ ಹಿಟ್ಟಿನ ಮೇಲೆ ಹಾಗೇ ಉಳಿದರೆ ಗೆದ್ದಂತೆ. ಹೇಳಿಬಿಟ್ಟರೆ ಕೈ ಎಚ್ಚರಗೊಳ್ಳುತ್ತದೆ, ಎಚ್ಚರಗೊಂಡ ಕೈ ಸತ್ಯ ಹೇಳುವುದಿಲ್ಲ ಎಂಬುದು ಅವರ ಲೆಕ್ಕ.

ಈ ವರ್ಷದ ಕಾದಂಬರಿ ಬಾಸಂತಿ ಎಂಬ ಹೆಂಗಸಿನದು. “ನಿನ್ನ ಕೈಗೆ ಸ್ಟೇರಿಂಗ್ ಕೊಟ್ಟರೆ ನೇರ ಹಳ್ಳಕ್ಕೇ” ಎಂದು ಗಂಡ ಜೀವಮಾನವಿಡೀ ಹಂಗಿಸಿದ್ದಕ್ಕೆ, ಮುಡಿ ನರೆತ ಮೇಲೆ ಕದ್ದು ಕಾರು ಕಲಿಯುವವಳು. ಏನು ಹೇಳಲಿ, ಮೊದಲ ಅಧ್ಯಾಯದಿಂದಲೇ ಪದ್ಮಾವತಿಯ ಕೈ ನಿಂತಿತು! ಎರಡು ಏಟು, ನಿಂತಿತು. ಮತ್ತೆರಡು, ಮತ್ತೆ ನಿಂತಿತು. ಹೂಗ್ಲಿ ನದಿಯ ದಡವನ್ನು ಶಿಪ್ರಾ ಗೇಣುಗಟ್ಟಲೆ ವರ್ಣಿಸಿದಾಗಲೂ ನಿಂತಿತು. ಶಿಪ್ರಾ ನೆಲದ ಮೇಲೆ ಕಾಲಿಡಲಿಲ್ಲ. “ದಿಸ್ ಇಸ್ ಮೈ ಬೆಸ್ಟ್,” ಎಂದು ಮಗಳಿಗೂ ಹೇಳಿಕೊಂಡರು.

ಜುಲೈ ಚಳಿಯ ಒಂದು ಶನಿವಾರ ಹೋಗಿ ನೋಡಿದರೆ ಅಡುಗೆಮನೆ ತಣ್ಣಗಿದೆ. ಪದ್ಮಾವತಿಯ ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ತೂಗುತ್ತಿದೆ. ಮಗ ಲೋಹಿತ್ ಅಂಗಡಿಯಿಂದ ಖಡಕ್ ರೊಟ್ಟಿಯ ಪೊಟ್ಟಣ ತಂದಿಟ್ಟಿದ್ದಾನೆ.

“ಏನಾತ್ರಿ?”

“ಭುಜ ಹಿಡದೈತ್ರಿ ಶಿಪ್ರಕ್ಕ. ಇವತ್ತಿಂದಲ್ಲ, ನಾಕು ತಿಂಗಳಾತು. ಎರಡು ತಟ್ಟಿದ್ರ ಸಾಕು, ಚಳಕ್ ಅಂತಿತ್ತು. ಕೈ ನಿಲ್ಲಸಬೇಕು, ಮತ್ತ ತಟ್ಟಬೇಕು. ನೀವು ಕಥಿ ಹೇಳೂ ಮುಂದ ಹೆಂಗ ನರಳೂದಂತ ಬಾಯಿ ಮುಚಗೊಂಡಿದ್ದೆ.”

ಹಾಗಾದರೆ ಆ ಕೈ ನಿಂತದ್ದು ಕಥೆಗಲ್ಲ, ನೋವಿಗೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೆ. ಗೆಳತಿಯ ನೋವಿಗೆ ಮರುಗಬೇಕಾದ ಹೊತ್ತಿನಲ್ಲಿ ತನಗೆ ಹೂಗ್ಲಿಯ ವರ್ಣನೆಯದೇ ಚಿಂತೆಯಾಯಿತಲ್ಲ ಎಂದು ನಾಚಿಕೆಯೂ ಆಯಿತು. ಕಾದಂಬರಿ ಕಳಿಸಲು ಉಳಿದದ್ದು ಒಂದೇ ವಾರ. ಅದು ನಿಜಕ್ಕೂ ಚೆನ್ನಾಗಿದೆಯೋ, ಬರೀ ಭುಜದ ನೋವೋ ಎಂದು ಹೇಳುವವರು ಈಗ ಯಾರೂ ಇಲ್ಲ.

ಮನೆಗೆ ಬಂದು ಮೊದಲಿನಿಂದ ಓದಿದರು. ಹೂಗ್ಲಿಯ ದಡದಲ್ಲಿ ಅವರಿಗೇ ಆಕಳಿಕೆ ಬಂತು. ಪ್ಯಾಂಟು ಕತ್ತರಿಸುವ ಕೈ ತಾನೆ, ಮರುಕವಿಲ್ಲದೆ ನದಿಯನ್ನು ಕತ್ತರಿಸಿದರು. ಬಾಸಂತಿಯ ಗಂಡ ಕಣ್ಣೀರಿಟ್ಟು ಕ್ಷಮೆ ಕೇಳುವ ಕೊನೆಯ ಅಧ್ಯಾಯವನ್ನೂ ಕಿತ್ತೆಸೆದು ಹೊಸದಾಗಿ ಬರೆದರು. ಆ ವಾರ ಎರಡು ಸಲ ಇಳಿಯಬೇಕಾದ ಸ್ಟಾಪು ದಾಟಿ ಹೋದರು. ಬರೆದದ್ದರ ಮೇಲೆ ಮಾತ್ರ ನಂಬಿಕೆ ಹುಟ್ಟಲಿಲ್ಲ.

ಶನಿವಾರ ಜೋಳದ ಹಿಟ್ಟಿನ ಚೀಲ ಹಿಡಿದು ಪದ್ಮಾವತಿಯ ಬಾಗಿಲು ಬಡಿದರು. “ಪೊಟ್ಟಣದ ರೊಟ್ಟಿ ಸಾಕು. ಇವತ್ತು ನಾ ಬಡೀತೀನಿ, ನೀವು ಕೂತು ಹಂಚು ನೋಡ್ರಿ.”

ಪದ್ಮಾವತಿ ನಕ್ಕುಬಿಟ್ಟರು. ಶಿಪ್ರಾ ಬಡಿದ ಮೊದಲ ರೊಟ್ಟಿಗೆ ನಾಲ್ಕು ಮೂಲೆಗಳಿದ್ದವು. “ರೊಟ್ಟಿ ಏನ್ರಿ ಇದು, ದಿಂಬಿನ ಚೀಲ ಹೊಲದೀರಿ! ಅಂಚು ಸರಿ ಮಾಡ್ರಿ. ಹೂಂ, ಹಾಕ್ರಿ. ನೀರು ಸವರ್ರಿ.” ಹಂಚಿನ ಮುಂದೆ ಕೂತರೆ ಪದ್ಮಾವತಿ ಯಾರಿಗೂ ಸೊಪ್ಪು ಹಾಕುವವರಲ್ಲ. ಮದುವೆಯಾಗಿ ಬಂದ ದಿನದಿಂದ ತನ್ನ ಕಣ್ಣೆದುರು ಒಂದು ರೊಟ್ಟಿಯೂ ಸೀದಿಲ್ಲ ಎಂಬುದು ಅವರ ಹೆಮ್ಮೆ.

ತಟ್ಟುವ ಕೈ ತನ್ನದೇ ಆದ ಮೇಲೆ ಪರೀಕ್ಷೆ ಎಲ್ಲಿಂದ ಬಂತು? ಶಿಪ್ರಾ ಆ ಆಸೆ ಬಿಟ್ಟು, ಹೊತ್ತು ಹೋಗಲೆಂದು ಕೊನೆಯ ಅಧ್ಯಾಯ ಹೇಳತೊಡಗಿದರು. ಬಾಸಂತಿ ಟೆಸ್ಟ್ ಪಾಸಾಗಿ ಒಬ್ಬಳೇ ಕಾರು ಓಡಿಸುತ್ತಿದ್ದಾಳೆ. ಮಳೆ ಹೊಯ್ಯುತ್ತಿದೆ. ಮುಂದೆ ಬಸ್ ಸ್ಟಾಪಿನಲ್ಲಿ ಕೊಡೆ ಮುರಿದು ತೊಯ್ದು ನಿಂತವನು, ಅದೇ ಗಂಡ. ಬಸ್ಸಿನ ಸುಳಿವಿಲ್ಲ. ಕಾರು ಕಂಡು ಅವನು ಕೈ ಮಾಡುತ್ತಾನೆ, ಒಳಗೆ ಯಾರೆಂದು ಗೊತ್ತಿಲ್ಲ. ಬಾಸಂತಿಯ ಕಾಲು ಬ್ರೇಕಿನ ಮೇಲೆ...

ಕಿವಿ ಹರಿಯುವಂತೆ ಚೀರಿತು ಚಾವಣಿಯ ಹೊಗೆ ಅಲಾರಂ. ಹಂಚಿನ ಮೇಲೆ ರೊಟ್ಟಿ ಇದ್ದಲಾಗಿತ್ತು. ಅಡುಗೆಮನೆ ತುಂಬ ಹೊಗೆ.

ಲೋಹಿತ್ ಟವೆಲ್ ಬೀಸುತ್ತ ಓಡಿ ಬಂದ. “ಅವ್ವಾ, ಏನಿದು? ಎದುರಿಗೇ ಕುಂತೀಯಲ್ಲ, ಕಾಣಸ್ಲಿಲ್ಲೇನು? ಓಪನ್ ದ ವಿಂಡೋ!”

ಪದ್ಮಾವತಿ ಅವನ ಕಡೆ ತಿರುಗಲೂ ಇಲ್ಲ. ನೋವಿಲ್ಲದ ಕೈಯಿಂದ ಶಿಪ್ರಾರ ಹಿಟ್ಟು ಮೆತ್ತಿದ ಕೈಯನ್ನು ಗಟ್ಟಿಯಾಗಿ ಹಿಡಿದು, ಅಲಾರಮ್ಮಿಗಿಂತ ಎತ್ತರದ ದನಿಯಲ್ಲಿ ಕೂಗಿದರು:

“ಅದು ಬಡಕೊಳ್ಳಲಿ ಬಿಡೋ! ಶಿಪ್ರಕ್ಕ, ಗಾಡಿ ನಿಲ್ಲಿಸಿದಳೋ ಇಲ್ಲೋ? ಹೇಳ್ರಿ ಮೊದಲು!”