ಅತ್ತೆ ಎಸೆದ ಗಾಲ್ಫ್ ಕೋಲುಗಳು

ಮಧ್ಯಾಹ್ನ ಮೂರು ನಲವತ್ತಕ್ಕೆ ಮೊದಲ ಗುಡುಗು ಕೇಳಿಸಿತು. ಕಾದ ನೆಲಕ್ಕೆ ಹನಿ ಬಿದ್ದು ಆ ವಾಸನೆ ಎದ್ದರೆ ಈಗಲೂ ನನ್ನ ಕೈ ತಾನಾಗಿ ಕಿವಿಗೆ ಹೋಗುತ್ತದೆ. ಶಾಂತಿಗ್ರಾಮದಾಚೆಯ ಆ ಹಸಿರು ಬಯಲು ಕಣ್ಣಿಗೆ ಕಟ್ಟುತ್ತದೆ. ಸಾಹುಕಾರರೊಬ್ಬರು ತಮ್ಮ ಜಮೀನಿನಲ್ಲಿ ಮಾಡಿಸಿದ್ದ ಗಾಲ್ಫ್ ಮೈದಾನ ಅದು. ಬೇಸಿಗೆ ಬಂತೆಂದರೆ ಅಲ್ಲಿ ಹೆಂಗಸರ ವೃತ್ತಿಪರ ಪಂದ್ಯಾವಳಿ. ಹತ್ತಿರ ಲಾಡ್ಜ್ ಇರಲಿಲ್ಲವಾದ್ದರಿಂದ ಆಟಗಾರ್ತಿಯರು ನಮ್ಮೂರಿನ ಮನೆಗಳಲ್ಲೇ ಉಳಿಯುತ್ತಿದ್ದರು. ಉಳಿದ ಮನೆಯ ಹೆಂಗಸೇ ಅವರ ಕೋಲುಗಳ ಬ್ಯಾಗು ಹೊರುವುದು ಹೇಗೋ ರೂಢಿಯಾಗಿತ್ತು. ನಮ್ಮಲ್ಲಿಗೆ ಬರುತ್ತಿದ್ದವಳು ಮೈಸೂರಿನ ನಂದಿನಿ. ಅವಳ ಬ್ಯಾಗು ಹೊರುತ್ತಿದ್ದವಳು ನನ್ನ ಸೋದರತ್ತೆ ಕೆಂಪಮ್ಮ. ನಂದಿನಿ ಬಂದಳೆಂದರೆ ನಡುಮನೆಯ ತುಂಬ ಬಸ್ಸಾರಿನ ಘಮ, ನಗು. "ಇಷ್ಟೊಂದು ಉಲ್ಲು ಬೆಳ್ಸವ್ರೆ, ಒಂದು ಅಸೂನೂ ಬಿಡಾಕಿಲ್ವಲ್ಲ ಮಗಾ" ಎಂದು ಅತ್ತೆ ರೇಗಿಸುವಳು. "ನೀವೇ ಮೇಯ್ದುಬಿಡಿ ಅತ್ತೆ" ಎನ್ನುವಳು ನಂದಿನಿ.

ಆ ದಿನ ನಂದಿನಿ ಎಲ್ಲರಿಗಿಂತ ಮುಂದಿದ್ದಳು. ಚೆಂಡು ಹಾಕಬೇಕಾದ ಗುಳಿ ಇನ್ನೊಂದೇ ಬಾಕಿ. ಮಳೆಗೆ ಅವಳೂ ಅತ್ತೆಯೂ ಹೊಂಗೆಮರದಡಿ ನಿಂತರು; ನಾನು ಅಮ್ಮನೊಡನೆ ಶಾಮಿಯಾನದಲ್ಲಿದ್ದೆ. ಗುಡುಗಿದರೆ ಹಾರೆ, ಕುಡುಗೋಲು ಅಂಗಳಕ್ಕೆ ಎಸೆಯುವುದು ನಮ್ಮ ಮನೆಯ ವಾಡಿಕೆ, ಸಿಡಿಲು ಮನೆ ಬಿಟ್ಟು ಕಬ್ಬಿಣದ ಮೇಲೆ ಬೀಳಲಿ ಎಂದು. ಎರಡನೇ ಗುಡುಗಿಗೆ ಅತ್ತೆ ಯೋಚಿಸಲೇ ಇಲ್ಲ, ಕೋಲುಗಳ ಸಮೇತ ಬ್ಯಾಗನ್ನು ಬಯಲಿಗೆ ಎಸೆದುಬಿಟ್ಟಳು. "ಅಯ್ಯೋ, ನನ್ನ ಕೋಲು!" ಎಂದು ನಂದಿನಿ ಅದರ ಹಿಂದೆ ಓಡಿದಳು. "ಓಗ್ಬ್ಯಾಡ ಕಣೇ!" ಎನ್ನುತ್ತಾ ಅತ್ತೆಯೂ ಓಡಿ, ಅವಳ ಅಂಗಿ ಹಿಡಿದೆಳೆದಳು. ಇಬ್ಬರೂ ಕೆಸರಿಗೆ ಬಿದ್ದರು. ಆಗಲೇ ಸಿಡಿಲಿಗೆ ಹೊಂಗೆಮರ ಸೀಳಿತು. ಬೆಳಕು, ಸುಟ್ಟ ಹಸಿಮರದ ನಾತ. ನಂದಿನಿ ಎದ್ದಳು. ಅತ್ತೆ ಏಳಲಿಲ್ಲ. ನಂದಿನಿ ಅವಳ ಕೆನ್ನೆ ತಟ್ಟುತ್ತಾ ಕೂಗುತ್ತಿದ್ದುದು ಕಾಣುತ್ತಿತ್ತು, ಕಿವಿ ಗುಂಯ್ ಎಂದು ಏನೂ ಕೇಳಿಸುತ್ತಿರಲಿಲ್ಲ. ನಾವು ಓಡಿ ಹೋಗುವಷ್ಟರಲ್ಲಿ ಅತ್ತೆ ಕಣ್ಣು ಬಿಟ್ಟು ಕೇಳಿದಳು: "ಕೋಲು ಮುರಿದೋದ್ವಾ ಮಗಾ?"

ಪಂದ್ಯ ಅಲ್ಲಿಗೇ ನಿಂತಿತು. ಮತ್ತೆ ನಡೆಯಲೇ ಇಲ್ಲ. ಹುಲ್ಲು ಎದೆಮಟ್ಟ ಬೆಳೆದು, ಅತ್ತೆ ಬಯಸಿದಂತೆ ಕೊನೆಗೂ ಹಸುಗಳು ಒಳಗೆ ಬಂದವು. ನಮಗೆ ಮಾತ್ರ ರಾತ್ರಿಯ ನಿದ್ದೆ ಹಾರಿಹೋಯಿತು. ಮೋಡ ಕವಿದರೆ ಸಾಕು, ಅತ್ತೆ ಎದ್ದು ಹಾರೆ ಹೊರಗೆಸೆಯುವಳು. ನಾನು ಅವಳ ಸೆರಗು ಹಿಡಿದು ಕೂರುವೆ. ಮೈಸೂರಿನಲ್ಲಿ ತನಗೂ ಹಾಗೇ ಎಂದು ನಂದಿನಿ ಫೋನಿನಲ್ಲಿ ಹೇಳುತ್ತಿದ್ದಳು.

ಮರುವರ್ಷದ ಬೇಸಿಗೆಗೆ, ಪಂದ್ಯವಿಲ್ಲದಿದ್ದರೂ, ಅವಳು ಬಂದಳು. ಬಸ್ಸಾರು ಉಂಡು ಮೂವರೂ ಒಂದೇ ಚಾಪೆಯ ಮೇಲೆ ಉರುಳಿದೆವು, ನಡುವೆ ಅತ್ತೆ. ಇಂದು ಆ ಮನೆಯಿಲ್ಲ, ಅತ್ತೆಯೂ ಇಲ್ಲ. ಆ ಚಾಪೆಯ ಒರಟು ಮಾತ್ರ ಬೆನ್ನಿಗೆ ನೆನಪಿದೆ. ಮರುದಿನ ಬೆಳಿಗ್ಗೆ ಕದ ತೆಗೆದರೆ ಅಂಗಳದ ತುಂಬ ನೀರು, ಮುರಿದು ಬಿದ್ದ ನುಗ್ಗೆಕೊಂಬೆ.

"ರಾತ್ರಿ ಗುಡುಗಿತಾ ಅತ್ತೆ?" ಎಂದಳು ನಂದಿನಿ.

"ಯಾರಿಗ್ಗೊತ್ತು ಮಗಾ. ಮಲಗ್ಬುಟ್ಟಿದ್ದೆ."

ಹಾರೆ ಕದದ ಹಿಂದೆ, ಇಟ್ಟಲ್ಲೇ, ಒಂದು ಹನಿಯೂ ಸೋಕದೆ ಇತ್ತು.