ಹೆಸರು ಕೊರೆಯದ ಪಾಠಗಳು

ಸಿಡಿಯ ನಡುವಿನ ತೂತಿಗೆ ತೋರುಬೆರಳು ತೂರಿಸಿ, ಇಳಕಲ್ ಸೀರೆಯ ಸೆರಗಿನಿಂದ ಅದನ್ನು ಒಳಗಿನಿಂದ ಅಂಚಿನತ್ತ ಒರೆಸುವಾಗ ನಮ್ಮ ಗ್ರಂಥಪಾಲಕಿ ಉಸಿರು ಬಿಗಿಹಿಡಿಯುತ್ತಿದ್ದರು. ಸೇಡಂನ ಸಿಮೆಂಟ್ ಧೂಳು ಯಾವುದನ್ನೂ ಬಿಡುತ್ತಿರಲಿಲ್ಲ.

ನಾನು ಆಗ ತಾಲ್ಲೂಕು ವರದಿಗಾರ. ಹಳೆಯ ಪತ್ರಿಕೆ ನೋಡಲು ಅವರ ಕಾಲೇಜು ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಯಾವ ಸುದ್ದಿ ಹೇಳಿದರೂ ಕೇಳುತ್ತಿದ್ದರು: “ಯಾರು ಹೇಳ್ಯಾರ? ಅವರಿಗಿ ಹ್ಯಾಂಗ ಗೊತ್ತಾತು?”

ಇದನ್ನೇ ವಿದ್ಯಾರ್ಥಿಗಳಿಗೂ ಕಲಿಸಲು ಅವರು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ಕನ್ನಡ ಪಾಠಗಳನ್ನು ಮಾಡಿ ಸಿಡಿಗೆ ಹಾಕಿದ್ದರು. ಪುಸ್ತಕ ಹುಡುಕುವುದು ಹೇಗೆ, ಇಂಟರ್ನೆಟ್‌ನಲ್ಲಿ ಸಿಕ್ಕಿದ್ದನ್ನು ಎಷ್ಟು ನಂಬಬೇಕು, ಇನ್ನೊಬ್ಬರ ಮಾತನ್ನು ಬಳಸಿದರೆ ಎಲ್ಲಿಂದ ತಂದೆವೆಂದು ಹೇಗೆ ಬರೆಯಬೇಕು ಎಂಬಂಥವು. ಸುತ್ತಲಿನ ಹಲವು ಕಾಲೇಜುಗಳಲ್ಲಿ ಗ್ರಂಥಪಾಲಕರ ಹುದ್ದೆ ಖಾಲಿಯಿತ್ತು. ಒಮ್ಮೆ ಮಾಡಿದ ಪಾಠ ಎಲ್ಲ ಕಡೆಯೂ ನಡೆಯಬೇಕೆಂಬುದು ಅವರ ಹಟ.

ಪ್ರಿನ್ಸಿಪಾಲರದು ಬೇರೆ ಹಟ. “ನಮ್ಮ ಕಂಪ್ಯೂಟರ್‌ನಾಗ ಮಾಡೀರಿ, ನಮ್ಮ ಹೆಸರೇ ಇಲ್ಲಂದ್ರ ಹ್ಯಾಂಗ್ರಿ ಮೇಡಂ?” ಹಾಗಾಗಿ ಪ್ರತಿ ಪಾಠದ ಮೊದಲಿಗೂ ಅವರ ಫೋಟೊ, ಸ್ವಾಗತ ಭಾಷಣ ಸೇರಿದವು.

ಚಿತ್ತಾಪುರದ ಕಾಲೇಜಿನಲ್ಲಿ ಪ್ರಾತ್ಯಕ್ಷಿಕೆ. ವರದಿಗೆಂದು ನಾನೂ ಮೇಡಂ ಜೊತೆ ಹೋಗಿದ್ದೆ. ಮೂರನೆಯ ಪಾಠ ತೆರೆದಾಗಲೂ ಅದೇ ಭಾಷಣ. ಹಿಂದಿನಿಂದ ಒಬ್ಬ ಉಪನ್ಯಾಸಕರು, “ಸಾಹೇಬ್ರು ಮತ್ತ ಬಂದ್ರಲ್ರೀ! ಚಾ ಆದ್ರೂ ತರಸ್ರಿ” ಎಂದರು. ಕೋಣೆಯೆಲ್ಲ ನಗು. ಅಲ್ಲಿನ ಪ್ರಿನ್ಸಿಪಾಲರು ಸಿಡಿ ವಾಪಸ್ ಕೊಟ್ಟರು. “ಪಾಠ ಭಾಳ ಚಂದ ಅದಾವ. ಆದ್ರ ನಮ್ಮ ಹುಡುಗರಿಗಿ ನಿಮ್ಮ ಸಾಹೇಬರನ್ನ ಎಷ್ಟು ಸಲ ತೋರಸ್ಲಿ?”

ಮರಳುವ ಪ್ಯಾಸೆಂಜರ್ ರೈಲಿನಲ್ಲಿ ಮೇಡಂ ವಾಪಸ್ ಬಂದ ಸಿಡಿಯನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿದರು. ಆಮೇಲೆ ಹೇಳಿದರು: “ಹೆಸರು ಕೊರದ ಪಾತ್ರಿ ಯಾರೂ ಇಟ್ಕೊಳ್ಳಂಗಿಲ್ಲ. ತೊಳದು ವಾಪಸ್ ಕಳಸ್ತಾರ.”

ಎಲ್ಲ ಪಾಠಗಳಿಂದಲೂ ಆ ಸ್ವಾಗತವನ್ನು ತೆಗೆದರು. ಉದಾಹರಣೆಯ ಜಾಗವನ್ನು ಖಾಲಿ ಬಿಟ್ಟರು. ಶಹಾಬಾದಿನವರು ಕಲ್ಲುಗಣಿ, ವಾಡಿಯವರು ರೈಲು, ಯಾರಿಗೆ ಏನು ಬೇಕೋ ಅದನ್ನು ತುಂಬಿಕೊಳ್ಳಲಿ ಎಂದು. ತಮ್ಮ ಹೆಸರನ್ನೂ ಅಳಿಸಿದರು.

“ನನ್ನ ಕಿತ್ತು ಒಗದೀರೇನ್ರಿ?” ಪ್ರಿನ್ಸಿಪಾಲರು ಕೆಂಡವಾದರು.

“ಇಲ್ರಿ ಸರ್. ನಿಮ್ಮ ಭಾಷಣದ್ದು ಬ್ಯಾರೆ ಸಿಡಿನೇ ಮಾಡೀನಿ. ಕಾಲೇಜಿನ ವಾರ್ಷಿಕ ಗ್ಯಾದರಿಂಗ್‌ನಾಗ ದೊಡ್ಡ ಪರದೆ ಮ್ಯಾಲ ಹಚ್ಚೋಣ.”

ಪ್ರಿನ್ಸಿಪಾಲರು ಮೀಸೆಯಲ್ಲೇ ನಕ್ಕರು.

ಮೊದಲು ಚಿತ್ತಾಪುರದವರೇ ಕೇಳಿ ತರಿಸಿಕೊಂಡರು. ಆಮೇಲೆ ಶಹಾಬಾದ್, ವಾಡಿ. ಕೊನೆಗೆ ವಿಶ್ವವಿದ್ಯಾಲಯದ ಗ್ರಂಥಾಲಯವೂ. ಅದರ ಬಗ್ಗೆ ಬರೆದ ಸುದ್ದಿಯಲ್ಲಿ ನಾನು ಹಾಕಿದ್ದ ‘ಹೆಮ್ಮೆಯ’ ಎಂಬ ಪದವನ್ನು ಪತ್ರಿಕೆಯ ಡೆಸ್ಕಿನವರು ಹೊಡೆದುಹಾಕಿದರು. ಇಲ್ಲಿ ಅದನ್ನು ಉಳಿಸಿಕೊಳ್ಳುತ್ತೇನೆ: ಅದು ಸೇಡಂನ ಹೆಮ್ಮೆಯ ಕೆಲಸ.

ಮೇಡಂ ತೀರಿಕೊಂಡ ಮರುವರ್ಷ ಚಿಂಚೋಳಿಗೆ ಹೋಗಿದ್ದೆ. ಕಾಲೇಜೊಂದರಲ್ಲಿ ಯುವ ಉಪನ್ಯಾಸಕಿಯೊಬ್ಬರು ಅದೇ ಪಾಠ ನಡೆಸುತ್ತಿದ್ದರು. ಉದಾಹರಣೆಗೆ ತೊಗರಿ ರೋಗದ ಮಾಹಿತಿ ಹಾಕಿಕೊಂಡಿದ್ದರು. ಪರದೆಯ ಮುಂದೆ ಹುಡುಗಿಯೊಬ್ಬಳು ಎದ್ದು ಜಗಳಕ್ಕೆ ನಿಂತಂತೆ ಕೇಳುತ್ತಿದ್ದಳು: “ಈ ಔಷಧ ಹೊಡೀರಿ ಅಂತ ಹೇಳ್ದವ್ರು ಯಾರ್ರಿ, ಮಾರೋರೇ ಹೌದಲ್ರಿ?”

ತರಗತಿ ಮುಗಿದ ಮೇಲೆ, ಈ ಪಾಠ ಯಾರದೆಂದು ಉಪನ್ಯಾಸಕಿಯನ್ನು ವಿಚಾರಿಸಿದೆ.

“ಯಾರದಂದ್ರ? ನಮ್ದೇರಿ!” ಎಂದರು.

ನಾನು ತಿದ್ದಲಿಲ್ಲ.